ಹೆಸರು ಯಾರದ್ದು? ಮುಖ ತೋರಿಸದ ಒಂದು ಬ್ಯಾಂಡಿನ ಪ್ರಕರಣ

ಸ್ನೇಹಿತರು ಸೇರಿ ಹೋಟೆಲ್ ಹಾಕುತ್ತಾರೆ. ಚೆನ್ನಾಗಿ ಓಡುತ್ತದೆ. ಹತ್ತು ವರ್ಷ ಆದ ಮೇಲೆ ಜಗಳ. ಆಮೇಲೆ ಅದೇ ರಸ್ತೆಯಲ್ಲಿ ಎರಡು ಬೋರ್ಡು, ಎರಡರಲ್ಲೂ 'ಒರಿಜಿನಲ್'. ಲೆಕ್ಕಪತ್ರದ ಕೆಲಸದಲ್ಲಿರುವ ನನಗೆ ಇಂಥ ಫೈಲು ಹೊಸದಲ್ಲ. ಪಾತ್ರೆ, ಫ್ರಿಜ್ಜು, ಬ್ಯಾಂಕಿನ ಸಾಲ ಎಲ್ಲ ಹಂಚಿ ಮುಗಿಯುತ್ತದೆ. ಹೆಸರು ಮಾತ್ರ ಹಂಚಲು ಬರುವುದಿಲ್ಲ.

ಈ ಪ್ರಕರಣ ಹೋಟೆಲಿನದಲ್ಲ. ಇಂಗ್ಲೆಂಡಿನ ಒಂದು ರಾಕ್ ಬ್ಯಾಂಡಿನದು. ಸಂಗೀತಕ್ಕಿಂತ ಹೆಚ್ಚಾಗಿ ಅವರ ಪಾಲುದಾರಿಕೆಯ ಬಗ್ಗೆ ಬರೆಯುತ್ತಿದ್ದೇನೆ. ಬ್ಯಾಂಡಿನ ಹೆಸರಾಗಲಿ, ಅದರಲ್ಲಿದ್ದವರ ಹೆಸರಾಗಲಿ ಇಲ್ಲಿ ಇರುವುದಿಲ್ಲ. ರಾಕ್ ಕೇಳುವವರಿಗೆ ಇನ್ನೆರಡು ಪ್ಯಾರಾದಲ್ಲಿ ಗೊತ್ತಾಗಿಬಿಡುತ್ತದೆ, ಪರವಾಗಿಲ್ಲ. ಆದರೆ ಹೆಸರು ಕಣ್ಣಿಗೆ ಬಿದ್ದ ಕೂಡಲೇ ನಾವು ಪಕ್ಷ ಹಿಡಿಯುತ್ತೇವೆ, ಅಲ್ವಾ? ಒಬ್ಬರಿಗೆ ಬೇಸ್ ಗಿಟಾರಿನವನು ಸರಿ, ಇನ್ನೊಬ್ಬರಿಗೆ ಲೀಡ್ ಗಿಟಾರಿನವನು ಸರಿ. ಅದು ಬೇಡ ಅಂತಲೇ ಅವರವರ ವಾದ್ಯದಿಂದ ಕರೆಯುತ್ತೇನೆ: ಬೇಸಿನವ, ಗಿಟಾರಿನವ, ಕೀಬೋರ್ಡಿನವ, ಡ್ರಮ್ಸಿನವ. ಇವರೆಲ್ಲರಿಗಿಂತ ಮುಂಚೆ ಬ್ಯಾಂಡಿನ ಕೇಂದ್ರವಾಗಿದ್ದವನನ್ನು ಮೊದಲಿನವ ಅನ್ನೋಣ.

ಶುರುವಾದದ್ದು

1962ರಲ್ಲಿ ಲಂಡನ್ನಿನ ರೀಜೆಂಟ್ ಸ್ಟ್ರೀಟ್ ಪಾಲಿಟೆಕ್ನಿಕ್‌ನಲ್ಲಿ ಆರ್ಕಿಟೆಕ್ಚರ್ ಓದುತ್ತಿದ್ದ ಮೂರು ಹುಡುಗರಿಗೆ ಪರಿಚಯವಾಯಿತು. ಬೇಸಿನವ, ಕೀಬೋರ್ಡಿನವ, ಡ್ರಮ್ಸಿನವ. ಎರಡು ವರ್ಷದ ನಂತರ ಬೇಸಿನವನ ಊರಾದ ಕೇಂಬ್ರಿಡ್ಜ್‌ನಿಂದ ಚಿತ್ರಕಲೆ ಕಲಿಯಲು ಲಂಡನ್ನಿಗೆ ಬಂದ ಹುಡುಗನೊಬ್ಬ ಸೇರಿಕೊಂಡ. ಅವನೇ ಮೊದಲಿನವ. ಹಾಡು ಬರೆಯುತ್ತಿದ್ದವನು ಅವನು, ಹಾಡುತ್ತಿದ್ದವನು ಅವನು, ನೋಡಲು ಚೆಂದ ಇದ್ದವನೂ ಅವನೇ.

ಬ್ಯಾಂಡಿಗೆ ಹೆಸರಿಟ್ಟವನೂ ಅವನೇ. ಅಮೆರಿಕದ ದಕ್ಷಿಣ ಮತ್ತು ಉತ್ತರ ಕೆರೊಲಿನಾದ ಇಬ್ಬರು ಬ್ಲೂಸ್ ಹಾಡುಗಾರರ ಮೊದಲ ಹೆಸರುಗಳನ್ನು ಜೋಡಿಸಿದ, ಮುಗೀತು. ಇದನ್ನು ನೆನಪಲ್ಲಿಡಿ. ಮುಂದೆ ಲಂಡನ್ ಹೈಕೋರ್ಟ್‌ವರೆಗೆ ಹೋದ ಆಸ್ತಿ ಇದು. ಅಷ್ಟು ಹೊತ್ತಿಗೆ ಆ ಇಬ್ಬರು ಹಾಡುಗಾರರಲ್ಲಿ ಒಬ್ಬರು 1974ರಲ್ಲಿ, ಇನ್ನೊಬ್ಬರು 1976ರಲ್ಲಿ ತೀರಿಕೊಂಡಿದ್ದರು.

1967ರ ಆರಂಭದಲ್ಲಿ ಇಎಂಐ ಎಂಬ ರೆಕಾರ್ಡ್ ಕಂಪನಿ ಜೊತೆ ಒಪ್ಪಂದ ಆಯಿತು. ಆಗಸ್ಟ್‌ನಲ್ಲಿ ಮೊದಲ ಆಲ್ಬಮ್ ಬಂತು. ಆಗಿನ ವ್ಯವಹಾರದ ಏರ್ಪಾಡು ಸ್ವಾರಸ್ಯವಾಗಿತ್ತು. ಬ್ಯಾಂಡಿನ ನಾಲ್ವರು, ಮ್ಯಾನೇಜರುಗಳು ಇಬ್ಬರು, ಒಟ್ಟು ಆರು ಜನ, ಆರು ಸಮಪಾಲು. ಯಾರ ಕೆಲಸ ಎಷ್ಟು ಅಂತ ಯಾರೂ ಅಳೆಯಲಿಲ್ಲ. ಗೆಳೆತನ ಗಟ್ಟಿ ಇದ್ದಾಗ ಹೀಗೇ ಆಗೋದು.

ಮೊದಲ ತಿರುವು: ಒಂದು ಕಾರು, ಒಂದು ಪ್ರಶ್ನೆ

ಆ ವರ್ಷದ ಕೊನೆಗೆ ಮೊದಲಿನವ ಕುಸಿಯುತ್ತಿದ್ದ. ಎಲ್‌ಎಸ್‌ಡಿ ಎಂಬ ಮಾದಕ ವಸ್ತು ಎಷ್ಟು ಕಾರಣ, ಮನಸ್ಸಿನ ಕಾಯಿಲೆ ಎಷ್ಟು ಕಾರಣ ಅನ್ನುವುದು ಇವತ್ತಿಗೂ ಮುಗಿಯದ ವಾದ. ಕಣ್ಣಿಗೆ ಕಂಡದ್ದು ಇಷ್ಟು: ವೇದಿಕೆಯ ಮೇಲೆ ಗಿಟಾರ್ ಹಿಡಿದು ಸುಮ್ನೆ ನಿಂತುಬಿಡುತ್ತಿದ್ದ. ಉಳಿದವರು ಒಂದು ದಾರಿ ಹುಡುಕಿದರು. ಅವನ ಕೇಂಬ್ರಿಡ್ಜ್ ಗೆಳೆಯನನ್ನೇ ಎರಡನೇ ಗಿಟಾರಿಗೆ ಕರೆದುಕೊಂಡರು. ಈ ಗಿಟಾರಿನವ ವೇದಿಕೆಯಲ್ಲಿ ನುಡಿಸಲಿ, ಮೊದಲಿನವ ಮನೆಯಲ್ಲಿ ಕೂತು ಹಾಡು ಬರೆಯಲಿ ಅನ್ನುವ ಯೋಚನೆ.

ಅದು ಕೆಲವು ವಾರವೂ ನಿಲ್ಲಲಿಲ್ಲ. 1968ರ ಜನವರಿಯಲ್ಲಿ ಸೌತಾಂಪ್ಟನ್‌ನಲ್ಲಿ ಕಾರ್ಯಕ್ರಮ ಇತ್ತು. ಲಂಡನ್ನಿನಿಂದ ಹೊರಟ ಕಾರಿನಲ್ಲಿ ಯಾರೋ ಕೇಳಿದರು, ಅವನನ್ನು ಹತ್ತಿಸಿಕೊಳ್ಳೋದಾ ಅಂತ. ಬೇಡ ಬಿಡು ಅಂದರು. ಅಷ್ಟೇ. ಸಭೆ ಇಲ್ಲ, ಪತ್ರ ಇಲ್ಲ, ಎದುರಿಗೆ ಕೂತು ಮಾತಾಡಿದ್ದೂ ಇಲ್ಲ. ಬ್ಯಾಂಡ್ ಕಟ್ಟಿದವನನ್ನು ಬಿಟ್ಟದ್ದು ಹೀಗೆ, ಕಾರು ತಿರುಗಿಸದೆ. ಏಪ್ರಿಲ್‌ನಲ್ಲಿ ಅಧಿಕೃತವಾಗಿ ಹೇಳಿದರು.

ಇಲ್ಲಿ ಮ್ಯಾನೇಜರುಗಳ ತೀರ್ಮಾನ ನೋಡಬೇಕು. ಆರು ಪಾಲು ಒಡೆಯಿತು. ಇಬ್ಬರು ಮ್ಯಾನೇಜರುಗಳೂ ಮೊದಲಿನವನ ಜೊತೆ ಹೋದರು. ಅವರ ಲೆಕ್ಕ ಸರಳ: ಹಾಡು ಬರೆಯುವವನೇ ಬ್ಯಾಂಡ್, ಉಳಿದವರು ಜೊತೆಗಾರರು. ಆ ದಿನ ನನ್ನ ಮುಂದೆ ಆ ಫೈಲು ಬಂದಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಆದರೆ ಮೊದಲಿನವ ಎರಡು ಸೋಲೊ ಆಲ್ಬಮ್ ಮಾಡಿ ಮನೆ ಸೇರಿಕೊಂಡ. ಹೆಸರು ಉಳಿದವರ ಬಳಿ ಇತ್ತು, ಅವರು ಐದು ವರ್ಷದಲ್ಲಿ ಜಗತ್ತಿನ ಅತಿ ದೊಡ್ಡ ಬ್ಯಾಂಡುಗಳಲ್ಲಿ ಒಂದಾದರು.

'ಬ್ಯಾಂಡ್ ಅಂದರೆ ಒಬ್ಬ ಮನುಷ್ಯ' ಎಂಬ ಈ ಲೆಕ್ಕ ಮೊದಲ ಸಲ ತಪ್ಪಿದ್ದು 1968ರಲ್ಲಿ. ಎರಡನೇ ಸಲ ಅದೇ ಲೆಕ್ಕ ಹಾಕಿದವನು ಆ ದಿನ ಕಾರಿನಲ್ಲಿ ಕೂತಿದ್ದವರಲ್ಲಿ ಒಬ್ಬ.

ಹಸು ಮತ್ತು ರಟ್ಟಿನ ಬೊಂಬೆಗಳು

1970ರಲ್ಲಿ ಬಂದ ಅವರ ಆಲ್ಬಮ್‌ನ ರಕ್ಷಾಪುಟದ ಮೇಲೆ ಒಂದು ಹಸು. ಹುಲ್ಲುಗಾವಲಿನಲ್ಲಿ ನಿಂತು ತಿರುಗಿ ನೋಡುತ್ತಿದೆ. ಬ್ಯಾಂಡಿನ ಹೆಸರಿಲ್ಲ, ಆಲ್ಬಮ್‌ನ ಹೆಸರಿಲ್ಲ. ಆಮೇಲಿನವುಗಳ ಮುಂಬದಿಯಲ್ಲೂ ಇವರ ಮುಖ ಕಾಣುವುದಿಲ್ಲ. 1973ರದ್ದರ ಮೇಲೆ ಬೆಳಕನ್ನು ಏಳು ಬಣ್ಣಕ್ಕೆ ಒಡೆಯುವಂಥ ಗಾಜಿನ ಪಟ್ಟಕ. 1975ರದ್ದರಲ್ಲಿ ಬೆಂಕಿ ಹತ್ತಿಕೊಂಡ ಮನುಷ್ಯನೊಬ್ಬ ಕೈ ಕುಲುಕುತ್ತಿದ್ದಾನೆ. 1977ರದ್ದರಲ್ಲಿ ಲಂಡನ್ನಿನ ಬ್ಯಾಟರ್‌ಸೀ ವಿದ್ಯುತ್ ಸ್ಥಾವರ, ಚಿಮಣಿಗಳ ನಡುವೆ ತೇಲುವ ಹಂದಿ. ಈ ಹಂದಿ ದೊಡ್ಡ ಬಲೂನು. ಫೋಟೊ ತೆಗೆಯುವಾಗ ಹಗ್ಗ ಕಿತ್ತುಕೊಂಡು ಹೀಥ್ರೂ ವಿಮಾನಗಳ ದಾರಿಗೆ ಹಾರಿ, ಕೊನೆಗೆ ಕೆಂಟ್‌ನ ಒಂದು ಹೊಲದಲ್ಲಿ ಇಳಿಯಿತು. ಅದಕ್ಕೂ ನ್ಯಾಯಾಲಯದಲ್ಲಿ ಒಂದು ಪಾತ್ರ ಬರಲಿದೆ.

1973ರ ಫೆಬ್ರುವರಿಯಲ್ಲಿ ಹೊಸ ಆಲ್ಬಮನ್ನು ಪತ್ರಕರ್ತರಿಗೆ ಕೇಳಿಸಲು ಲಂಡನ್ ತಾರಾಲಯದಲ್ಲಿ ಸಮಾರಂಭ ಇಟ್ಟಿದ್ದರು. ಧ್ವನಿ ವ್ಯವಸ್ಥೆ ಸರಿ ಇಲ್ಲ ಅಂತ ಬ್ಯಾಂಡಿನವರು ಮುನಿಸಿಕೊಂಡರು. ಕೀಬೋರ್ಡಿನವ ಒಬ್ಬ ಬಂದ. ಒಳಗೆ ಹೋದ ಪತ್ರಕರ್ತರನ್ನು ಎದುರುಗೊಂಡದ್ದು ಆಳೆತ್ತರದ ನಾಲ್ಕು ರಟ್ಟಿನ ಬೊಂಬೆಗಳು.

ಆ ಆಲ್ಬಮ್ 1973ರಿಂದ 1988ರ ನಡುವೆ 741 ವಾರ ಅಮೆರಿಕದ ಹೆಚ್ಚು ಮಾರಾಟದ ಆಲ್ಬಮ್‌ಗಳ ಪಟ್ಟಿಯಲ್ಲಿ ಕೂತಿತ್ತು. ಮನೆಮನೆಯಲ್ಲಿ ಅದರ ತಟ್ಟೆ ಇತ್ತು, ಮಾಡಿದವರ ಮುಖ ಯಾರಿಗೂ ಗೊತ್ತಿರಲಿಲ್ಲ. ಟಿಕೆಟ್ ಕೊಂಡು ಬಂದವರಿಗೂ ಕಾಣುತ್ತಿದ್ದದ್ದು ಬೆಳಕು, ಹೊಗೆ, ಹಾರುವ ಹಂದಿ. ಇದನ್ನು ಆಗ ಯಾರೂ ವ್ಯಾಪಾರದ ತೀರ್ಮಾನ ಅಂದುಕೊಳ್ಳಲಿಲ್ಲ. ಸಂಕೋಚದ ಹುಡುಗರು, ಫೋಟೊ ಇಷ್ಟವಿಲ್ಲ, ಅಷ್ಟೇ. ಆದರೆ ಲೆಕ್ಕದವನ ಕಣ್ಣಿಗೆ ಅದು ಬೇರೆ ಥರ ಕಾಣುತ್ತದೆ. ಪ್ರತಿ ಆಲ್ಬಮ್‌ನಲ್ಲೂ ಅವರು ತಮ್ಮ ಬೆಲೆ ಇಳಿಸಿಕೊಂಡು ಹೆಸರಿನ ಬೆಲೆ ಏರಿಸುತ್ತಾ ಹೋದರು.

ಸಮಸ್ಯೆ: ಹಾಡನ್ನು ಎಣಿಸುವುದಾ, ಅಳೆಯುವುದಾ?

ಜಗಳ ಶುರುವಾದದ್ದು ಅಹಂಕಾರದಿಂದ ಅನ್ನುತ್ತಾರೆ. ನನಗೆ ಕಾಣುವುದು ರಾಯಲ್ಟಿಯ ಕೋಷ್ಟಕ.

ಸಮಪಾಲಿನ ಕಾಲ ಮುಗಿದಿತ್ತು. ಹಾಡು ಬರೆದವರ ರಾಯಲ್ಟಿಯನ್ನು ಹಾಡಿನ ಲೆಕ್ಕದಲ್ಲಿ ಹಂಚುತ್ತಿದ್ದರು. ಹಾಡು ಒಂದು ನಿಮಿಷದ್ದಾಗಲಿ, ಹದಿನೇಳು ನಿಮಿಷದ್ದಾಗಲಿ, ಹಾಡು ಅಂದರೆ ಒಂದು. 1977ರ ಆಲ್ಬಮ್ ತೆಗೆದುಕೊಳ್ಳಿ. ಮೊದಲ ಬದಿಯನ್ನು ಹೆಚ್ಚುಕಮ್ಮಿ ಪೂರ್ತಿ ತುಂಬಿರುವುದು ಒಂದೇ ಹಾಡು, ಹದಿನೇಳು ನಿಮಿಷದ್ದು. ಅದರ ಸಂಗೀತ ಬಹುಪಾಲು ಗಿಟಾರಿನವನದು. ಸಾಹಿತ್ಯ ಬೇಸಿನವನದು. ಹಾಗಾಗಿ ಆ ಒಂದು ಹಾಡಿನಲ್ಲೂ ಗಿಟಾರಿನವನಿಗೆ ಪೂರ್ತಿ ಪಾಲಿಲ್ಲ. ಇನ್ನು ಆಲ್ಬಮ್‌ನ ಶುರುವಿಗೆ, ಕೊನೆಗೆ ಒಂದೂವರೆ ನಿಮಿಷವೂ ಇಲ್ಲದ ಎರಡು ತುಣುಕುಗಳಿವೆ. ಒಂದೇ ಹಾಡನ್ನು ಎರಡು ಮಾಡಿ ಇಟ್ಟದ್ದು. ಬರೆದವನು ಬೇಸಿನವ ಒಬ್ಬನೇ. ಲೆಕ್ಕಕ್ಕೆ ಎರಡು ಹಾಡು. ಗಿಟಾರಿನವನ ಹದಿನೇಳು ನಿಮಿಷಕ್ಕಿಂತ ಬೇಸಿನವನ ಮೂರು ನಿಮಿಷಕ್ಕೆ ದುಡ್ಡು ಜಾಸ್ತಿ.

ಇದು ಬೇಕಂತ ಮಾಡಿದ್ದಾ? ಕಲಾತ್ಮಕವಾಗಿ ಆ ಎರಡು ತುಣುಕು ಸರಿಯಾದ ಜಾಗದಲ್ಲೇ ಇವೆ, ಕೇಳಿದರೆ ಗೊತ್ತಾಗುತ್ತದೆ. ಆದರೆ ಕೋಷ್ಟಕಕ್ಕೆ ಕಲೆ ಗೊತ್ತಿಲ್ಲ. ಹೋಟೆಲಿನಲ್ಲಿ ದೋಸೆ ಹುಯ್ಯುವವನಿಗೆ ದೋಸೆಗೆ ಇಷ್ಟು, ಚಟ್ನಿ ರುಬ್ಬುವವನಿಗೆ ಬಟ್ಟಲಿಗೆ ಇಷ್ಟು ಅಂತ ಇಟ್ಟರೆ ಏನಾಗುತ್ತದೋ ಅದೇ ಆಯಿತು. ಕೀಬೋರ್ಡಿನವನಿಗಂತೂ ಆ ಆಲ್ಬಮ್‌ನಲ್ಲಿ ಒಂದು ಹಾಡಿಗೂ ಹೆಸರಿಲ್ಲ. ಮೊದಲ ಸಲ ಹಾಗಾದದ್ದು.

ಎಣಿಕೆಯಿಂದ ಹೊರಗೇ ಉಳಿದವರೂ ಇದ್ದರು. 1973ರ ಆಲ್ಬಮ್‌ನಲ್ಲಿ ಒಂದು ಹಾಡಿಗೆ ಮಾತೇ ಇಲ್ಲ, ಹೆಣ್ಣುಮಗಳೊಬ್ಬಳ ಕಂಠ ಕೂಗಿ, ಅತ್ತು, ತಣ್ಣಗಾಗುತ್ತದೆ. ಭಾನುವಾರ ಸಂಜೆ ಸ್ಟುಡಿಯೊಗೆ ಬಂದು ಅದನ್ನು ಹಾಡಿ ಹೋದ ಗಾಯಕಿಗೆ ಸಿಕ್ಕಿದ್ದು 30 ಪೌಂಡು. 2004ರಲ್ಲಿ ಆಕೆ ಮೊಕದ್ದಮೆ ಹಾಕಿದರು. ಮಾರನೇ ವರ್ಷ ನ್ಯಾಯಾಲಯದ ಹೊರಗೆ ರಾಜಿ ಆಯಿತು. ಈಗ ಆ ಹಾಡನ್ನು ಕಟ್ಟಿದವರ ಸಾಲಿನಲ್ಲಿ ಕೀಬೋರ್ಡಿನವನ ಪಕ್ಕ ಅವರ ಹೆಸರಿದೆ. ಮೂವತ್ತು ಪೌಂಡಿನ ರಸೀದಿ, ಮೂವತ್ತು ವರ್ಷದ ಬಾಕಿ.

ಹೊರಗಿನ ಎದುರಾಳಿಗಳ ವಿಷಯ ಇಲ್ಲಿ ಒಂದು ಮಾತು. ಇದೇ ಹೊತ್ತಿಗೆ ಲಂಡನ್ನಿನಲ್ಲಿ ಹಳೆಯ ರಾಕ್ ಬ್ಯಾಂಡುಗಳನ್ನು ಧಿಕ್ಕರಿಸುವ ಪಂಕ್ ಸಂಗೀತದ ಹುಡುಗರು ಎದ್ದಿದ್ದರು. ಅವರಲ್ಲಿ ಬಲು ಜೋರಿನ ಹಾಡುಗಾರನೊಬ್ಬ ಈ ಬ್ಯಾಂಡಿನ ಟೀ ಶರ್ಟ್ ಹಾಕಿಕೊಂಡು, ಹೆಸರಿನ ಮೇಲೆ 'ನಂಗಾಗಲ್ಲ' ಅನ್ನುವ ಅರ್ಥದ ಮಾತನ್ನು ಕೈಯಲ್ಲಿ ಬರೆದುಕೊಂಡು ಓಡಾಡಿದ. ಪತ್ರಿಕೆಗಳಿಗೆ ಹಬ್ಬ. ಆದರೆ ಆ ಜಗಳ ಎಷ್ಟು ತೆಳು ಅಂದರೆ, 1977ರಲ್ಲಿ ಒಂದು ಪಂಕ್ ಬ್ಯಾಂಡ್ ತನ್ನ ಆಲ್ಬಮ್ ನಿರ್ಮಿಸಿಕೊಡಲು ಮೊದಲಿನವನನ್ನೇ ಹುಡುಕಿತು. ಅವನು ಸಿಗದೆ ಡ್ರಮ್ಸಿನವನಿಂದ ಮಾಡಿಸಿಕೊಂಡಿತು. ಟೀ ಶರ್ಟಿನ ಹುಡುಗನೂ ವಯಸ್ಸಾದ ಮೇಲೆ ಈ ಬ್ಯಾಂಡ್ ಇಷ್ಟ ಅಂತ ಒಪ್ಪಿಕೊಂಡ. ಇವರನ್ನು ಒಡೆಯಲು ಹೊರಗಿನವರು ಯಾರೂ ಬೇಕಿರಲಿಲ್ಲ.

ಮಾಡಿದ ಮೊದಲ ಉಪಾಯ: ಒಬ್ಬನ ಕೈಗೆ ಕೊಡುವುದು

1978ರಲ್ಲಿ ದುಡ್ಡಿನ ಏಟು ಬಿತ್ತು. ಹಣ ಹೂಡಿಕೆ ನೋಡಿಕೊಳ್ಳುತ್ತಿದ್ದ ಕಂಪನಿಯೊಂದು ಇವರ ದುಡ್ಡನ್ನು ಅಲ್ಲಿ ಇಲ್ಲಿ ಹಾಕಿ ಮುಳುಗಿಸಿತ್ತು. ನಷ್ಟ 13 ಲಕ್ಷದಿಂದ 33 ಲಕ್ಷ ಪೌಂಡಿನವರೆಗೆ. ಅದರ ಮೇಲೆ ಆಗಿನ ಬ್ರಿಟನ್ನಿನಲ್ಲಿ ಮೇಲಿನ ಮಟ್ಟದ ಆದಾಯಕ್ಕೆ ಶೇಕಡ 83 ತೆರಿಗೆ. ಬೇಗ ಒಂದು ದೊಡ್ಡ ಆಲ್ಬಮ್ ಆಗಲೇಬೇಕು, ಅದೂ ದೇಶದ ಹೊರಗೆ ಕೂತು.

ಬೇಸಿನವನ ಬಳಿ ಎರಡು ಯೋಜನೆ ಸಿದ್ಧವಿತ್ತು. ಉಳಿದವರ ಕೈ ಖಾಲಿ. ಎರಡರಲ್ಲಿ ಒಂದನ್ನು ಆರಿಸಿ ಅಂದ, ಆರಿಸಿದರು. ಅದು ಗೋಡೆಯ ಕಥೆ. ಅದರ ಬೀಜ ಬಿದ್ದದ್ದು 1977ರ ಜುಲೈ 6ರಂದು, ಮಾಂಟ್ರಿಯಲ್‌ನ ಒಲಿಂಪಿಕ್ ಕ್ರೀಡಾಂಗಣದಲ್ಲಿ. ಮುಂದಿನ ಸಾಲಿನಲ್ಲಿ ಗಲಾಟೆ ಮಾಡುತ್ತಿದ್ದ ಅಭಿಮಾನಿಯೊಬ್ಬನ ಮುಖಕ್ಕೆ ಬೇಸಿನವ ಉಗಿದುಬಿಟ್ಟ. ಆಮೇಲೆ ತನ್ನ ಬಗ್ಗೆ ತಾನೇ ಅಸಹ್ಯಪಟ್ಟು, ನನಗೂ ಜನಕ್ಕೂ ನಡುವೆ ಗೋಡೆ ಇದೆ ಅಂತ ಬರೆಯಲು ಕೂತ.

ಆ ದಿನದಿಂದ ಬೇಸಿನವ ಬಾಸ್ ಆದ. ಬೇರೆಯವರು ಬಿಟ್ಟುಕೊಟ್ಟದ್ದರಿಂದ ಆದ, ಅದನ್ನೂ ಹೇಳಬೇಕು. ಕೆಲಸ ಹೊತ್ತವನ ಕೈಗೆ ಅಧಿಕಾರ ಹೋಗುವುದು ಅನ್ಯಾಯವೇನಲ್ಲ. ಅಧಿಕಾರ ಎಷ್ಟು ದಿನಕ್ಕೆ, ಎಲ್ಲಿಯವರೆಗೆ ಅಂತ ಹೇಳಿಕೊಳ್ಳದೆ ಇದ್ದದ್ದು ಮುಂದೆ ಕಷ್ಟಕ್ಕೆ ಬಂತು.

1979ರ ಬೇಸಿಗೆ. ರೆಕಾರ್ಡಿಂಗ್ ಫ್ರಾನ್ಸಿನಲ್ಲಿ. ಕ್ರಿಸ್‌ಮಸ್‌ಗೆ ಮುಂಚೆ ಆಲ್ಬಮ್ ಕೊಟ್ಟರೆ ಪಾಲು ಹೆಚ್ಚು ಮಾಡುತ್ತೇವೆ ಅಂತ ಅಮೆರಿಕದ ಕಂಪನಿ ಹೇಳಿತು. ಕೀಬೋರ್ಡಿನವ ಗ್ರೀಸಿನಲ್ಲಿ ರಜೆಯಲ್ಲಿದ್ದ. ಮನೆಯಲ್ಲಿ ಸಂಸಾರ ಒಡೆಯುತ್ತಿತ್ತು, ಮಕ್ಕಳ ಜೊತೆ ಇರುವ ದಿನಗಳನ್ನು ಮೊಟಕು ಮಾಡಲ್ಲ ಅಂದ. ಬೇಸಿನವ ಪಟ್ಟು ಹಿಡಿದ: ಅವನು ಬ್ಯಾಂಡ್ ಬಿಡಬೇಕು. ಬ್ಯಾಂಡಿನ ಆಗಿನ ಮ್ಯಾನೇಜರ್‌ಗೆ ಈ ಸುದ್ದಿ ಮುಟ್ಟಿದ್ದು ಅಟ್ಲಾಂಟಿಕ್ ದಾಟುತ್ತಿದ್ದ ಹಡಗಿನಲ್ಲಿ. ಕೀಬೋರ್ಡಿನವ ಹೆಚ್ಚು ಹೋರಾಡಲಿಲ್ಲ. ಆಲ್ಬಮ್ ಮುಗಿಸಿ, ಟೂರ್‌ಗೆ ಸಂಬಳಕ್ಕೆ ನುಡಿಸುತ್ತೇನೆ ಅಂದ. ಹೊರಗಿನವರಿಗೆ ಇದು ಹಲವು ವರ್ಷ ಗೊತ್ತೇ ಆಗಲಿಲ್ಲ. ಮುಖ ತೋರಿಸದ ಬ್ಯಾಂಡಿನಲ್ಲಿ ಒಬ್ಬ ಕಡಿಮೆಯಾದರೆ ಯಾರಿಗೆ ತಿಳಿಯಬೇಕು!

ಆಮೇಲೆ ಆದದ್ದು ಈ ಇಡೀ ಪ್ರಕರಣದಲ್ಲಿ ನನಗೆ ಅತಿ ಇಷ್ಟವಾದ ಭಾಗ. 1980-81ರಲ್ಲಿ 31 ಪ್ರದರ್ಶನ. ಲಾಸ್ ಏಂಜಲೀಸ್, ನ್ಯೂಯಾರ್ಕ್ ಬಳಿಯ ಯೂನಿಯನ್‌ಡೇಲ್, ಲಂಡನ್, ಡಾರ್ಟ್‌ಮಂಡ್, ನಾಲ್ಕೇ ಊರು. ಪ್ರತಿ ರಾತ್ರಿ ಬ್ಯಾಂಡಿನ ಮುಂದೆ ರಟ್ಟಿನ ಇಟ್ಟಿಗೆಗಳ ಗೋಡೆ ಏಳುತ್ತಿತ್ತು, ಸುಮಾರು 12 ಮೀಟರ್ ಎತ್ತರ. ಮೊದಲರ್ಧ ಮುಗಿಯುವ ಹೊತ್ತಿಗೆ ನುಡಿಸುವವರೇ ಕಾಣುತ್ತಿರಲಿಲ್ಲ. ಖರ್ಚು ಎಷ್ಟಾಯಿತೆಂದರೆ ಟೂರ್ ನಷ್ಟಕ್ಕೆ ಬಿತ್ತು. ಪಾಲುದಾರರು ಮೂವರೂ ಕೈಯಿಂದ ಕಟ್ಟಿದರು. ಲಾಭ ಆದದ್ದು ಒಬ್ಬನಿಗೆ ಮಾತ್ರ. ಹೊರಗೆ ಹಾಕಿಸಿಕೊಂಡು ಸಂಬಳಕ್ಕೆ ನಿಂತಿದ್ದ ಕೀಬೋರ್ಡಿನವನಿಗೆ!

1983ರ ಆಲ್ಬಮ್ ಹೊತ್ತಿಗೆ ಮೂವರೇ. ನನ್ನ ಹಾಡು ಸಿದ್ಧ ಮಾಡಲು ಸ್ವಲ್ಪ ಸಮಯ ಕೊಡು ಅಂತ ಗಿಟಾರಿನವ ಕೇಳಿದ. ಬೇಸಿನವ ಕೊಡಲಿಲ್ಲ. ಗಿಟಾರಿನವನ ಹೆಸರು ನಿರ್ಮಾಪಕರ ಪಟ್ಟಿಯಿಂದ ಹೋಯಿತು, ನಿರ್ಮಾಪಕನ ರಾಯಲ್ಟಿ ಮಾತ್ರ ಉಳಿಯಿತು. ಹೊರಕವಚದ ಮೇಲೆ ಬೇಸಿನವನ ಹೆಸರು ಬರೆದು, ಕೆಳಗೆ ಈ ಬ್ಯಾಂಡ್ ನುಡಿಸಿದ್ದು ಅಂತ ಹಾಕಿದರು. ಒಡೆಯ ಮತ್ತು ಕೆಲಸಗಾರರ ಹಾಗೆ.

ಎರಡನೇ ತಿರುವು: ಬಿಟ್ಟು ಹೋದವನು ಬೀಗ ಹಾಕಲು ಬಂದ

1985ರಲ್ಲಿ ಬೇಸಿನವನಿಗೂ ಮ್ಯಾನೇಜರ್‌ಗೂ ಕೆಟ್ಟಿತು. ತನ್ನ ಸೋಲೊ ಕೆಲಸಕ್ಕೆ ಬೇರೆ ದಾರಿ ಬೇಕಾಗಿತ್ತು. ವರ್ಷದ ಕೊನೆಗೆ ಇಎಂಐಗೂ ಅಮೆರಿಕದ ಕಂಪನಿಗೂ ಪತ್ರ ಬರೆದ: ನಾನು ಬ್ಯಾಂಡ್ ಬಿಟ್ಟಿದ್ದೇನೆ, ನನ್ನನ್ನು ಕರಾರಿನಿಂದ ಬಿಡಿಸಿ.

ಯಾಕೆ ಬರೆದ ಅನ್ನುವುದಕ್ಕೆ ಎರಡು ಕಥೆ. ಉಳಿದವರು ನನ್ನ ಮೇಲೆ ದಾವೆ ಹಾಕುವ ಬೆದರಿಕೆ ಒಡ್ಡಿದರು, ಹೊಸ ಆಲ್ಬಮ್ ಆಗದಿದ್ದರೆ ಕರಾರು ಮುರಿದಂತಾಗಿ ರಾಯಲ್ಟಿ ನಿಲ್ಲುವ ಪರಿಸ್ಥಿತಿ, ಹಾಗಾಗಿ ಬರೆದೆ ಅಂತ ಅವನು. ನಾನು ಹೋದರೆ ಬ್ಯಾಂಡೇ ಮುಗಿಯಿತು ಅಂತ ಲೆಕ್ಕ ಹಾಕಿ ಬರೆದ ಅಂತ ಗಿಟಾರಿನವ. ನನಗನ್ನಿಸುವುದು ಎರಡೂ ನಿಜ. ಆದರೆ ಒಂದು ಮಾತು. ಪಾಲುದಾರಿಕೆ ವ್ಯವಹಾರದಲ್ಲಿ 'ನಾನು ಹೋಗುತ್ತೇನೆ' ಎಂದು ಬರೆದು ಸಹಿ ಹಾಕುವ ಮುಂಚೆ 'ನಾನು ಹೋದರೆ ಏನೇನು ಉಳಿಯುತ್ತದೆ' ಅಂತ ಕೇಳಿಕೊಳ್ಳಬೇಕು. ಬೇಸಿನವ ಅದನ್ನು ಕೇಳಿದ್ದು ಪತ್ರ ಹೋದ ಮೇಲೆ.

1986ರ ಅಕ್ಟೋಬರ್ ಕೊನೆಗೆ ಅವನು ಹೈಕೋರ್ಟ್‌ಗೆ ಹೋದ. ಬ್ಯಾಂಡ್ ವಿಸರ್ಜಿಸಿ, ಹೆಸರನ್ನು ಇನ್ನು ಯಾರೂ ಬಳಸಬಾರದು. ಅವನ ದೃಷ್ಟಿಯಲ್ಲಿ ಬ್ಯಾಂಡಿನ ಸೃಜನಶಕ್ತಿ ಮುಗಿದುಹೋಗಿತ್ತು. ಆಗ ಅವನ ವಕೀಲರು ಕಡತ ಕೆದಕಿದರು. ಒಂದು ವಿಷಯ ಹೊರಬಿತ್ತು. ಇಪ್ಪತ್ತು ವರ್ಷ ಜೊತೆಗಿದ್ದ, ಕೋಟಿಗಟ್ಟಲೆ ದುಡಿದ ಈ ಬ್ಯಾಂಡಿನ ಪಾಲುದಾರಿಕೆಯನ್ನು ಯಾವತ್ತೂ ವಿಧಿವತ್ತಾಗಿ ಸ್ಥಾಪಿಸಿಯೇ ಇರಲಿಲ್ಲ! ಇಲ್ಲದ ಪಾಲುದಾರಿಕೆಯನ್ನು ವಿಸರ್ಜಿಸುವುದು ಹೇಗೆ? ಬೇಸಿನವ ಕೋರಿಕೆ ಬದಲಿಸಿ ಮತ್ತೆ ಹೋದ. ಈ ಸಲ ಹೆಸರಿನ ಬಳಕೆಗೆ ತನ್ನ ಒಪ್ಪಿಗೆ ಬೇಕು ಅಂತ ಕೇಳಿದ. ಗಿಟಾರಿನವ ಪತ್ರಿಕೆಗಳಿಗೆ ಹೇಳಿಕೆ ಕೊಟ್ಟ, ಬ್ಯಾಂಡ್ ಇದೆ, ಇರುತ್ತದೆ ಅಂತ.

ಇಬ್ಬರೂ ಏನೇನು ಮಾಡಿದರು

ಉಳಿದ ಇಬ್ಬರ ತಂತ್ರ ಒಂದೇ. ವಾದಿಸುವುದನ್ನು ವಕೀಲರಿಗೆ ಬಿಟ್ಟು ಕೆಲಸ ಮುಂದುವರಿಸುವುದು. ಗಿಟಾರಿನವ ಥೇಮ್ಸ್ ನದಿಯಲ್ಲಿ ಹ್ಯಾಂಪ್ಟನ್ ಬಳಿ ಒಂದು ಹಳೆಯ ದೋಣಿಮನೆ ಕೊಂಡು ಅದರಲ್ಲೇ ಸ್ಟುಡಿಯೊ ಮಾಡಿಕೊಂಡಿದ್ದ. ಹೊಸ ಆಲ್ಬಮ್ ಅಲ್ಲಿ ಶುರುವಾಯಿತು. ಕೀಬೋರ್ಡಿನವನನ್ನು ವಾಪಸ್ ಕರೆದರು. ಅವನಿದ್ದರೆ ಸಂಗೀತಕ್ಕೂ ಬಲ, ಕೋರ್ಟಿನಲ್ಲೂ ಬಲ. ಆದರೆ ಹಳೆಯ ಬಿಡುಗಡೆ ಪತ್ರದ ಕರಾರು ಅಡ್ಡ ಬಂದು ಪಾಲುದಾರನಾಗಿ ಸೇರುವಂತಿರಲಿಲ್ಲ. ಮತ್ತೆ ಸಂಬಳ, ವಾರಕ್ಕೆ 11,000 ಡಾಲರ್.

ಟೂರ್‌ಗೆ ದುಡ್ಡು ಬೇಕು. ಡ್ರಮ್ಸಿನವ 1962ರ ತನ್ನ ಫೆರಾರಿ 250 ಜಿಟಿಒ ಕಾರನ್ನು ಅಡ ಇಟ್ಟ. ಬೆರಳೆಣಿಕೆಯಷ್ಟೇ ತಯಾರಾದ ಕಾರದು. ಮನೆಯಲ್ಲಿ ಅಜ್ಜಿಯ ಅಡ್ಡಿಕೆ ಅಡ ಇಟ್ಟು ಅಂಗಡಿ ಹಾಕಿದ ಹಾಗೆ, ಮೊತ್ತ ಮಾತ್ರ ದೊಡ್ಡದು.

ಬೇಸಿನವ ಉತ್ತರ ಅಮೆರಿಕದಲ್ಲಿ ಕಾರ್ಯಕ್ರಮ ಏರ್ಪಡಿಸುವ ಪ್ರಮೋಟರುಗಳಿಗೆ ಎಚ್ಚರಿಕೆ ಕೊಟ್ಟ. ಈ ಹೆಸರಿನಲ್ಲಿ ಟಿಕೆಟ್ ಮಾರಿದರೆ ದಾವೆ ಹಾಕುತ್ತೇನೆ. ಬಹಳ ಜನ ಹಿಂಜರಿದರು. ಟೊರಾಂಟೊದ ಒಬ್ಬ ಪ್ರಮೋಟರ್ ಮಾತ್ರ ಆಗಲಿ ನೋಡೋಣ ಅಂತ ಟಿಕೆಟ್ ಬಿಟ್ಟ. ಕೆಲವೇ ಗಂಟೆಯಲ್ಲಿ 60,000 ಖಾಲಿ. ನಿಜವಾದ ತೀರ್ಪು ಬಂದದ್ದು ಅವತ್ತು ಅಂತ ನನ್ನ ಎಣಿಕೆ. ಹೈಕೋರ್ಟ್ ಇನ್ನೂ ಬಾಯಿ ತೆರೆದಿರಲಿಲ್ಲ, ಗಲ್ಲಾಪೆಟ್ಟಿಗೆ ಹೇಳಿಬಿಟ್ಟಿತ್ತು.

1987ರ ಸೆಪ್ಟೆಂಬರಿನಲ್ಲಿ ಆಲ್ಬಮ್ ಬಂತು, ಟೂರ್ ಶುರುವಾಯಿತು. ಅದೇ ಋತುವಿನಲ್ಲಿ ಬೇಸಿನವನೂ ತನ್ನ ಹೆಸರಿನಲ್ಲಿ ಟೂರ್ ಹೊರಟಿದ್ದ. ಈ ಕಡೆ ಕ್ರೀಡಾಂಗಣಗಳು ತುಂಬಿದರೆ, ಆ ಕಡೆ ಸಣ್ಣ ಸಭಾಂಗಣಗಳಲ್ಲೂ ಕೆಲವೆಡೆ ಕುರ್ಚಿ ಖಾಲಿ. ಗೋಡೆಯ ಕಥೆ ಬರೆದವನು, 1973ರ ಆಲ್ಬಮ್‌ನ ಎಲ್ಲ ಮಾತುಗಳನ್ನೂ ಬರೆದವನು ಅವನು. ಆದರೆ ಹದಿನೈದು ವರ್ಷದಿಂದ ಜನ ಕಂಡದ್ದು ಪಟ್ಟಕ, ಹಂದಿ, ಗೋಡೆ. ಅವನ ಮುಖವನ್ನಲ್ಲ. ಆ ಗೋಡೆಯನ್ನು ಕಟ್ಟಿಸಿದವನೂ ಅವನೇ ಅನ್ನುವುದು ಬೇರೆ ಮಾತು.

ಹಂದಿಯ ವಿಷಯಕ್ಕೆ ಬರೋಣ. ಹಾರುವ ಹಂದಿ ನನ್ನ ಕಲ್ಪನೆ, ಅದರ ಹಕ್ಕು ನನ್ನದು ಅಂದ ಬೇಸಿನವ. ಅವನ ಮೂಲ ಹಂದಿ ಹೆಣ್ಣು. ಬ್ಯಾಂಡಿನವರು ಏನು ಮಾಡಿದರು? ತಮ್ಮ ಹಂದಿಗೆ ದೊಡ್ಡದಾಗಿ ಗಂಡಿನ ಅಂಗ ಜೋಡಿಸಿ, ಇದು ಬೇರೆ ಹಂದಿ ಅಂದರು. ನಲವತ್ತು ದಾಟಿದ, ಚೆನ್ನಾಗಿ ಓದಿದ ಗಂಡಸರು ಹಂದಿಯ ಲಿಂಗದ ಮೇಲೆ ಕಾನೂನು ಕಟ್ಟುತ್ತಿದ್ದ ಕಾಲ ಅದು.

ಆ ಆಲ್ಬಮ್‌ನ ಒಳಪುಟ ಬಿಚ್ಚಿ ನೋಡಿ. 1971ರ ನಂತರ ಮೊದಲ ಬಾರಿಗೆ ಬ್ಯಾಂಡಿನವರ ಫೋಟೊ ಇದೆ. ಗಿಟಾರಿನವ ಮತ್ತು ಡ್ರಮ್ಸಿನವ, ಇಬ್ಬರೇ. ಕೀಬೋರ್ಡಿನವನ ಹೆಸರು ನುಡಿಸಿದವರ ಪಟ್ಟಿಯಲ್ಲಿ ಬೇರೆಯವರ ನಡುವೆ ಸಣ್ಣದಾಗಿ ಇದೆ. ಹದಿನಾರು ವರ್ಷ ಮುಖ ಮರೆಸಿಕೊಂಡವರಿಗೆ, ಹೆಸರು ಕೈ ಬಿಡುವ ಹೊತ್ತಿಗೆ, ಮುಖ ತೋರಿಸಬೇಕು ಅನ್ನಿಸಿತು.

ದೋಣಿಯಲ್ಲಿ ಟೈಪಾದ ಕಾಗದ

ಮುಗಿಸಿದ್ದು ನ್ಯಾಯಾಧೀಶರಲ್ಲ. 1987ರ ಕ್ರಿಸ್‌ಮಸ್‌ಗೆ ಒಂದೆರಡು ದಿನ ಮುಂಚೆ ಬೇಸಿನವ ಆ ದೋಣಿಮನೆಗೆ ಬಂದ. ಒಳಗೆ ಮೂರು ಜನ: ಅವನು, ಗಿಟಾರಿನವ, ಗಿಟಾರಿನವನ ಲೆಕ್ಕಿಗ. ಲೆಕ್ಕಿಗ ಕೂತು ಒಂದೊಂದೇ ಅಂಶ ಟೈಪು ಮಾಡಿದ. ಬೇಸಿನವನಿಗೆ ಮ್ಯಾನೇಜರ್ ಜೊತೆಗಿನ ಕರಾರಿನಿಂದ ಬಿಡುಗಡೆ. ಗೋಡೆಯ ಕಥೆಯ ಹಕ್ಕು ಅವನಿಗೆ. ಹಂದಿಯೂ ಅವನಿಗೆ. ಹೆಸರು ಉಳಿದ ಇಬ್ಬರಿಗೆ, ಕೊನೆಯವರೆಗೆ. ಕೊನೆಗೆ ನ್ಯಾಯಾಲಯ ಒಪ್ಪಿ ಮುದ್ರೆ ಹಾಕಿದ್ದು ಆ ಕಾಗದಕ್ಕೇ.

ನನ್ನ ವೃತ್ತಿಯವನೊಬ್ಬ ಮಾಡಿದ ಕೆಲಸ ಅಂತ ಹೊಗಳುತ್ತಿಲ್ಲ. ಆದರೆ ಯೋಚಿಸಿ. ಆ ಕಾಗದದಲ್ಲಿದ್ದ ನಾಲ್ಕು ವಿಷಯಗಳನ್ನು 1968ರಲ್ಲೋ 1978ರಲ್ಲೋ ಬರೆದಿಡಬಹುದಿತ್ತು. ಒಬ್ಬ ಹೋದರೆ ಹೆಸರು ಯಾರಿಗೆ? ಒಬ್ಬನೇ ಬರೆದ ಕೃತಿ ಯಾರದ್ದು? ವೇದಿಕೆಯ ವಸ್ತುಗಳು ಯಾರವು? ಮ್ಯಾನೇಜರ್ ಯಾರ ಪರ? ಜಗಳ ಇಲ್ಲದಾಗ ಇವನ್ನು ಕೇಳಿದರೆ ಗೆಳೆಯರಿಗೆ ಬೇಜಾರಾಗುತ್ತದೆ ಅನ್ನುವ ಸಂಕೋಚ. ಜಗಳ ಬಂದ ಮೇಲೆ ಇದೇ ಪ್ರಶ್ನೆಗಳನ್ನು ವಕೀಲರು ಗಂಟೆಗಿಷ್ಟು ಅಂತ ಕೇಳುತ್ತಾರೆ.

ಮೊದಲಿನವನ ನಿರ್ಗಮನದಲ್ಲೇ ಪಾಠ ಇತ್ತು. ಹೆಸರು ಹೋದವನ ಜೊತೆ ಹೋಗುವುದಿಲ್ಲ, ಉಳಿದವರ ಬಳಿ ಉಳಿಯುತ್ತದೆ. ಬೇಸಿನವ ಅದರ ಲಾಭ ಪಡೆದವರಲ್ಲಿ ಒಬ್ಬ. ಹದಿನೇಳು ವರ್ಷ ಆದ ಮೇಲೆ ಅದೇ ನಿಯಮ ತನಗೆ ಅನ್ವಯಿಸುವುದಿಲ್ಲ ಅಂತ ಯಾಕೆ ನಂಬಿದ? ತಾನು ಮಾಡಿದ ಕೆಲಸದ ತೂಕ ಅವನಿಗೆ ಚೆನ್ನಾಗಿ ಗೊತ್ತಿತ್ತು, ಅದಕ್ಕೇ. ಆ ತೂಕ ಸುಳ್ಳಲ್ಲ. ಅವನಿಲ್ಲದ ಆಲ್ಬಮ್‌ಗಳು ಚೆನ್ನಾಗಿ ಮಾರಾಟವಾದವು, ಆದರೆ 1973 ಅಥವಾ 1979ರದ್ದರ ಸಾಲಿಗೆ ಅವನ್ನು ಯಾರೂ ಇಡುವುದಿಲ್ಲ. ಕೆಲಸದ ಬೆಲೆ ಬೇರೆ, ಬೋರ್ಡಿನ ಬೆಲೆ ಬೇರೆ. ಅವನು ಒಂದನ್ನು ತೋರಿಸಿ ಇನ್ನೊಂದನ್ನು ಕೇಳಿದ. 2013ರಲ್ಲಿ ಬಿಬಿಸಿ ಸಂದರ್ಶನದಲ್ಲಿ ಕೋರ್ಟಿಗೆ ಹೋದದ್ದು ತನ್ನ ತಪ್ಪು ಅಂತ ಅವನೇ ಒಪ್ಪಿಕೊಂಡ.

ಆಮೇಲೆ

ಬೇಸಿನವ 2002ರಲ್ಲಿ ಬೆಂಗಳೂರಿಗೂ ಬಂದಿದ್ದ, ಅರಮನೆ ಮೈದಾನದಲ್ಲಿ ನುಡಿಸಿದ. ಅವತ್ತು ಹೋಗಿದ್ದವರನ್ನು ಕೇಳಿ ನೋಡಿ. ಅವನ ಹೆಸರು ಹೇಳುವವರಿಗಿಂತ ಬ್ಯಾಂಡಿನ ಹೆಸರು ಹೇಳಿ 'ನಾನು ನೋಡಿದ್ದೀನಿ' ಅನ್ನುವವರೇ ಜಾಸ್ತಿ. ನಾನು ತಿದ್ದಲು ಹೋಗುವುದಿಲ್ಲ.

2005ರ ಜುಲೈ 2ರಂದು ಲಂಡನ್ನಿನ ಹೈಡ್ ಪಾರ್ಕ್‌ನಲ್ಲಿ ನಾಲ್ವರೂ ಒಂದೇ ವೇದಿಕೆಗೆ ಬಂದರು, 24 ವರ್ಷದ ನಂತರ. ಆಫ್ರಿಕಾದ ಬಡತನದ ವಿಷಯಕ್ಕೆ ನಡೆದ ಕಾರ್ಯಕ್ರಮ. ಅಭ್ಯಾಸದ ವೇಳೆ ಯಾವ ಹಾಡು ಎಂಬ ವಾದ ಬಂದಾಗ ಬೇಸಿನವ ಈ ಒಂದು ದಿನಕ್ಕೆ ಬಿಟ್ಟುಕೊಡುತ್ತೇನೆ ಅಂತ ಸುಮ್ಮನಾದ. ಒಂದು ಹಾಡನ್ನು ಅಲ್ಲಿಲ್ಲದ ಮೊದಲಿನವನ ಹೆಸರು ಹೇಳಿ ಹಾಡಿದರು. ಕೊನೆಗೆ ನಾಲ್ವರೂ ಹೆಗಲ ಮೇಲೆ ಕೈ ಹಾಕಿ ನಿಂತರು. ಮತ್ತೆ ಟೂರ್ ಮಾಡಿದರೆ ಹತ್ತು ಕೋಟಿ ಪೌಂಡ್‌ಗೂ ಮೀರಿ ಕೊಡುತ್ತೇವೆ ಅಂತ ಬಂದವರಿಗೆ ಗಿಟಾರಿನವ ಬೇಡ ಅಂದ. ಮಾರನೇ ವರ್ಷ ಕೇಂಬ್ರಿಡ್ಜ್‌ನಲ್ಲಿ ಮೊದಲಿನವ ತೀರಿಕೊಂಡ. 2008ರಲ್ಲಿ ಕೀಬೋರ್ಡಿನವ.

ಉಳಿದವರ ಮುನಿಸು ಮತ್ತೆ ಹೊತ್ತಿಕೊಂಡಿತು. ರೆಕಾರ್ಡಿಂಗ್‌ಗಳನ್ನು ಒಟ್ಟಿಗೆ ಮಾರುವ ಮಾತುಕತೆ ಆ ಜಗಳದಲ್ಲೇ ಸಿಕ್ಕಿಕೊಂಡು ಎರಡು ವರ್ಷ ಎಳೆಯಿತು. 2024ರ ಅಕ್ಟೋಬರಿನಲ್ಲಿ ಸೋನಿ ಕಂಪನಿ ಕೊಂಡಿತು ಅಂತ ವರದಿಯಾಯಿತು, ಸುಮಾರು 40 ಕೋಟಿ ಡಾಲರ್‌ಗೆ. ಮಾರಾಟವಾದದ್ದರ ಪಟ್ಟಿಯಲ್ಲಿ ರೆಕಾರ್ಡಿಂಗ್‌ಗಳ ಜೊತೆ ಇನ್ನೊಂದು ವಸ್ತುವೂ ಇತ್ತು: ಕೆರೊಲಿನಾದ ಆ ಇಬ್ಬರು ಹಾಡುಗಾರರಿಂದ ಎರವಲು ಪಡೆದ ಹೆಸರು.